ಕರುಳಿನ ಉರಿಯೂತದ ಪರೀಕ್ಷೆಗೆ ಮಲದ ಮಾದರಿ: ಮಲೆನಾಡಿನ ಮನೆಯಿಂದ ಪ್ರಯೋಗಾಲಯದವರೆಗೆ

ವಾರಗಟ್ಟಲೆ ನಿಲ್ಲದ ಭೇದಿ, ಹೊಟ್ಟೆನೋವು, ಮಲದಲ್ಲಿ ರಕ್ತ ಅಥವಾ ಲೋಳೆ, ಕಾರಣವಿಲ್ಲದೆ ಇಳಿಯುವ ತೂಕ ಮುಂತಾದ ತೊಂದರೆಗಳನ್ನು ಹೇಳಿಕೊಂಡು ಶಿವಮೊಗ್ಗದ ವೈದ್ಯರ ಬಳಿ ಹೋದವರಿಗೆ ಈಗ ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆಯನ್ನು ಬರೆದುಕೊಡುವುದುಂಟು. ರಕ್ತಪರೀಕ್ಷೆಯಾದರೆ ತರಬೇತಿ ಪಡೆದವರು ಸೂಜಿ ಹಾಕಿ, ಸರಿಯಾದ ನಳಿಕೆಗೆ ತುಂಬಿ, ಹೆಸರು ಬರೆದು ಒಳಗೆ ಕಳಿಸುತ್ತಾರೆ. ಈ ಪರೀಕ್ಷೆಯಲ್ಲಿ ಆ ಕೆಲಸವೆಲ್ಲ ರೋಗಿಯ ಪಾಲಿಗೆ ಬರುತ್ತದೆ. ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟು ‘ನಾಳೆ ತನ್ನಿ’ ಎಂದಷ್ಟೇ ಹೇಳಿದರೆ, ತೀರ್ಥಹಳ್ಳಿಯ ಆಚೆಯ ತೋಟದ ಮನೆಯವರು ಅದನ್ನು ಹೇಗೆ ಸಂಗ್ರಹಿಸಬೇಕು, ಎಲ್ಲಿ ಇಡಬೇಕು, ಅರವತ್ತು ಕಿಲೋಮೀಟರ್ ದೂರಕ್ಕೆ ಹೇಗೆ ಒಯ್ಯಬೇಕು ಎಂಬುದನ್ನು ತಾವೇ ಊಹಿಸಿಕೊಳ್ಳಬೇಕಾಗುತ್ತದೆ. ಊಹೆಗೆ ಎಡೆಯಿರಬಾರದೆಂದು ಈ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ಈ ಎಚ್ಚರಿಕೆಗಳೆಲ್ಲ ಏಕೆ ಬೇಕೆಂಬುದು ಸ್ಪಷ್ಟವಾಗಿರಬೇಕು. ಕ್ಯಾಲ್‌ಪ್ರೊಟೆಕ್ಟಿನ್ ಎಂಬುದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಒಳಗೆ ಹೇರಳವಾಗಿರುವ ಒಂದು ಪ್ರೋಟೀನು. ಕರುಳಿನ ಒಳಪದರದಲ್ಲಿ ಉರಿಯೂತವಿದ್ದಾಗ ಈ ಕಣಗಳು ಅಲ್ಲಿಗೆ ಗುಂಪುಗೂಡಿ, ಕರುಳಿನ ಒಳಕ್ಕೆ ಸೋರಿ, ಮಲದೊಂದಿಗೆ ಬೆರೆಯುತ್ತವೆ. ಪ್ರೋಟೀನಿಗೆ ಕ್ಯಾಲ್ಸಿಯಂ ಅಂಟಿಕೊಂಡಿರುವ ಕಾರಣ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಬೇಗನೆ ಒಡೆಯಲಾರವು. ಹೀಗಾಗಿ ಮಲದಲ್ಲಿ ಅದರ ಪ್ರಮಾಣವನ್ನು ಅಳೆದು, ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್‌ನಂತಹ ಉರಿಯೂತದ ಸಾಧ್ಯತೆ ಇದೆಯೇ, ಅಥವಾ ಉರಿಯೂತವಿಲ್ಲದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆ) ಇರಬಹುದೇ ಎಂದು ವೈದ್ಯರು ಅಂದಾಜಿಸುತ್ತಾರೆ. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೊಸ್ಕೋಪಿ ಬೇಕೋ ಬೇಡವೋ ಎಂಬ ತೀರ್ಮಾನಕ್ಕೂ ಅದು ನೆರವಾಗುತ್ತದೆ.

ಬೇಗ ಒಡೆಯುವುದಿಲ್ಲ ಎಂದ ಮಾತ್ರಕ್ಕೆ ಎಂದೆಂದಿಗೂ ಒಡೆಯುವುದಿಲ್ಲ ಎಂದಲ್ಲ. ಕೋಣೆಯ ಉಷ್ಣತೆಯಲ್ಲಿ ಏಳು ದಿನ ಇಟ್ಟರೂ ಅಡ್ಡಿಯಿಲ್ಲ ಎಂಬ ಅಭಿಪ್ರಾಯ ಹಿಂದೆ ಇತ್ತು. ಆದರೆ ಅಷ್ಟು ದಿನ ಹೊರಗಿಟ್ಟ ಮಾದರಿಗಳಲ್ಲಿ ಪ್ರಮಾಣ ಗಮನಾರ್ಹವಾಗಿ ಇಳಿಯುವುದನ್ನು ನಂತರದ ಅಧ್ಯಯನಗಳು ತೋರಿಸಿವೆ. ನಿಜವಾದ ಅಪಾಯ ಇರುವುದು ಇಲ್ಲಿಯೇ. ಕೆಟ್ಟುಹೋದ ಮಾದರಿಯನ್ನು ಯಂತ್ರ ಹೊರಗೆ ಹಾಕುವುದಿಲ್ಲ, ವರದಿಯಲ್ಲಿ ದೋಷವೆಂದು ಅಚ್ಚಾಗುವುದೂ ಇಲ್ಲ. ನಂಬುವಂತಹ ಒಂದು ಕಡಿಮೆ ಸಂಖ್ಯೆ ಬರುತ್ತದೆ. ಉರಿಯೂತವಿರುವ ವ್ಯಕ್ತಿ ‘ಏನೂ ಇಲ್ಲವಂತೆ’ ಎಂದು ಮನೆಗೆ ಮರಳುತ್ತಾರೆ. ಆದ್ದರಿಂದ ಗಡಿಯಾರ ಓಡತೊಡಗುವುದು ಪ್ರಯೋಗಾಲಯದ ಕೌಂಟರಿನಲ್ಲಲ್ಲ, ಮಲ ಡಬ್ಬಿಗೆ ಬಿದ್ದ ಗಳಿಗೆಯಲ್ಲಿ ಎಂಬುದನ್ನು ಈ ಕೆಲಸದುದ್ದಕ್ಕೂ ನೆನಪಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆ: ಪ್ರಯೋಗಾಲಯಕ್ಕೆ ಒಂದು ಫೋನ್

ಸಣ್ಣ ಊರುಗಳ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆಯನ್ನು ಅಲ್ಲೇ ಮಾಡುವುದು ಅಪರೂಪ. ಹಲವೆಡೆ ಮಾದರಿಯನ್ನು ಪಡೆದುಕೊಂಡು ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂದರೆ ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್ ಬಂದ ಡಬ್ಬಿ ಅಲ್ಲಿಂದ ಮುಂದೆ ಇನ್ನೂ 300 ಕಿಲೋಮೀಟರಿನಷ್ಟು ಹೋಗಬೇಕು. ಆದ್ದರಿಂದ ಡಬ್ಬಿಯನ್ನು ಪಡೆಯುವಾಗಲೇ ಕೆಲವು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿ. ಪರೀಕ್ಷೆ ಎಲ್ಲಿ ನಡೆಯುತ್ತದೆ, ಮಾದರಿಗಳನ್ನು ಹೊರಗೆ ಕಳಿಸುವುದು ಯಾವ ದಿನ, ಎಷ್ಟು ಗಂಟೆಯೊಳಗೆ ತಂದುಕೊಟ್ಟರೆ ಅಂದೇ ಹೊರಡುತ್ತದೆ, ಸಂಗ್ರಹಿಸಿದ ಎಷ್ಟು ಹೊತ್ತಿನವರೆಗಿನ ಮಾದರಿಯನ್ನು ಸ್ವೀಕರಿಸುತ್ತಾರೆ, ತಣ್ಣಗೆ ತರಬೇಕೇ ಎಂಬಿಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ. ಪ್ರಯೋಗಾಲಯ ಬಳಸುವ ಕಿಟ್‌ಗೆ ತಕ್ಕಂತೆ ಇವುಗಳಿಗೆ ಉತ್ತರ ಬೇರೆಬೇರೆಯಾಗಿರುತ್ತದೆ. ನಾನು ಇಲ್ಲಿ ಬರೆದದ್ದಕ್ಕೂ ಅವರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಪಾಲಿಸಬೇಕು.

ಉತ್ತರ ಸಿಕ್ಕಿದ ಮೇಲೆ ದಿನವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮಾದರಿ ಶಿವಮೊಗ್ಗದಿಂದ ಹೊರಡುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಅದೇ ಬೆಳಿಗ್ಗೆ ಅಥವಾ ಹೆಚ್ಚೆಂದರೆ ಹಿಂದಿನ ದಿನ ಸಂಗ್ರಹಿಸುವುದು ಸರಿಯಾದ ಕ್ರಮ. ಶನಿವಾರ ಮಧ್ಯಾಹ್ನ ಕೊಟ್ಟ ಡಬ್ಬಿ ಸೋಮವಾರದವರೆಗೆ ಎಲ್ಲಿ ಕೂರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಗೌರಿ ಗಣೇಶ, ದೀಪಾವಳಿಯ ಸಾಲು ರಜೆಗಳ ಮುಂಚಿನ ದಿನವೂ ಬೇಡ. ಸೋಮವಾರದಿಂದ ಗುರುವಾರದೊಳಗಿನ ಒಂದು ಬೆಳಿಗ್ಗೆಯನ್ನು ಆರಿಸಿಕೊಳ್ಳುವುದು ಲೇಸು.

ಮಾದರಿ ಕೊಡುವ ಮುನ್ನ ವೈದ್ಯರಿಗೆ ಹೇಳಬೇಕಾದದ್ದು

ತೋಟಗದ್ದೆಯ ಕೆಲಸ ಮಾಡುವ ಮನೆಗಳಲ್ಲಿ ಬೆನ್ನುನೋವಿಗೆ, ಮಂಡಿನೋವಿಗೆ ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ದಿನನಿತ್ಯದ ಸಂಗತಿ. ಅದನ್ನು ಯಾರೂ ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದ ನೋವುನಿವಾರಕಗಳು ಕರುಳಿನ ಒಳಪದರವನ್ನು ಕೆರಳಿಸಿ ಕ್ಯಾಲ್‌ಪ್ರೊಟೆಕ್ಟಿನ್ ಪ್ರಮಾಣವನ್ನು ಏರಿಸಬಲ್ಲವು. ಆಸ್ಪಿರಿನ್ ಕೂಡ ಇದೇ ಗುಂಪಿಗೆ ಸೇರಿದ್ದು, ಪ್ಯಾರಾಸಿಟಮಾಲ್ ಸೇರಿದ್ದಲ್ಲ. ಗ್ಯಾಸಿನ ಮಾತ್ರೆ ಎಂದು ಕರೆಯುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳೂ ಸಂಖ್ಯೆಯನ್ನು ಸ್ವಲ್ಪ ಏರಿಸುವುದುಂಟು. ಕೆಲವು ವಾರಗಳಿಂದ ಸೇವಿಸಿದ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ಹೇಳಿ, ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಹೃದಯದ ಕಾಯಿಲೆಗೆಂದು ಕೊಟ್ಟ ಆಸ್ಪಿರಿನ್ನನ್ನು ಪರೀಕ್ಷೆಯ ನೆಪದಲ್ಲಿ ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಅದನ್ನು ಖಂಡಿತ ಮಾಡಬೇಡಿ.

ಮದುವೆಯೂಟದ ನಂತರವೋ ಮಳೆಗಾಲದ ಕಲುಷಿತ ನೀರಿನಿಂದಲೋ ಬಂದ ವಾಂತಿಭೇದಿ ಇನ್ನೂ ಹಸಿಯಾಗಿದ್ದರೆ, ಆಗಲೂ ಸಂಖ್ಯೆ ಏರಿರುತ್ತದೆ. ಅದು ವಾಸಿಯಾದ ಮೇಲೆ ಕೊಡಬಹುದೇ ಎಂದು ಕೇಳಿ. ಮುಟ್ಟಿನ ದಿನಗಳಲ್ಲಿ ರಕ್ತ ಬೆರೆಯುವ ಸಂಭವವಿರುವುದರಿಂದ ಅದು ಪೂರ್ತಿ ನಿಂತ ಮೇಲೆ ಸಂಗ್ರಹಿಸಬೇಕು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೆ ಅದನ್ನು ತಿಳಿಸಬೇಕು. ಕೊಲೊನೊಸ್ಕೋಪಿಗೆಂದು ಹೊಟ್ಟೆ ಖಾಲಿ ಮಾಡಿಸುವ ಔಷಧ ಕುಡಿದ ಮೇಲೆ ಬರುವ ನೀರುಮಲ ಈ ಪರೀಕ್ಷೆಗೆ ಒದಗುವುದಿಲ್ಲ. ಎರಡೂ ಬರೆದುಕೊಟ್ಟಿದ್ದರೆ ಮಾದರಿಯನ್ನು ಮೊದಲು ಕೊಡಬೇಕು. ಹರಳೆಣ್ಣೆ ಕುಡಿದು ಅಥವಾ ಎನಿಮಾ ಮಾಡಿಸಿಕೊಂಡು ಬಲವಂತವಾಗಿ ಸಂಗ್ರಹಿಸುವುದೂ ಬೇಡ. ಉಪವಾಸದ ಅಗತ್ಯವಿಲ್ಲ, ಊಟದಲ್ಲಿ ಪಥ್ಯವೂ ಇಲ್ಲ.

ಸಂಗ್ರಹಿಸುವ ಬೆಳಿಗ್ಗೆ

ಒಂದೇ ದಿನದಲ್ಲಿ ಒಂದು ಸಲದ ಮಲಕ್ಕೂ ಇನ್ನೊಂದು ಸಲದ್ದಕ್ಕೂ ಕ್ಯಾಲ್‌ಪ್ರೊಟೆಕ್ಟಿನ್ ಪ್ರಮಾಣ ಬೇರೆಯಿರುತ್ತದೆ. ಎರಡು ಸಲಗಳ ನಡುವಿನ ಅವಧಿ ಉದ್ದವಾದಷ್ಟೂ ಅದು ಹೆಚ್ಚಾಗುವುದು ಕಂಡುಬಂದಿದೆ. ಆದ್ದರಿಂದಲೇ ಬೆಳಗಿನ ಮೊದಲ ಮಲವನ್ನು ಕೊಡಿ ಎನ್ನುವುದು. ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸುವವರಿಗೆ ಈ ನಿಯಮ ಇನ್ನಷ್ಟು ಮುಖ್ಯ. ಒಮ್ಮೆ ಬೆಳಗಿನದು, ಇನ್ನೊಮ್ಮೆ ಸಂಜೆಯದು ಕೊಟ್ಟರೆ ಎರಡು ಸಂಖ್ಯೆಗಳನ್ನು ಹೋಲಿಸುವುದಕ್ಕೇ ಬಾರದು.

ಹಿಂದಿನ ರಾತ್ರಿಯೇ ಎಲ್ಲವನ್ನೂ ಸಿದ್ಧಪಡಿಸಿಟ್ಟುಕೊಳ್ಳಿ. ಪ್ರಯೋಗಾಲಯದವರು ಕೊಟ್ಟ, ತಿರುಪು ಮುಚ್ಚಳದ, ಒಳಗೆ ಪುಟ್ಟ ಚಮಚವಿರುವ ಡಬ್ಬಿ, ಬಿಸಾಡಬಹುದಾದ ಕೈಗವಸು, ಎರಡು ಜಿಪ್ ಕವರು, ಹಳೆಯ ಪತ್ರಿಕೆ, ಅಳಿಸಿಹೋಗದ ಮಾರ್ಕರ್ ಪೆನ್ನು ಇದ್ದರೆ ಸಾಕು. ಮನೆಯಲ್ಲಿರುವ ಉಪ್ಪಿನಕಾಯಿ ಬಾಟಲಿಯನ್ನೋ ಮಾತ್ರೆಯ ಡಬ್ಬಿಯನ್ನೋ ತೊಳೆದು ಬಳಸಬಾರದು. ಸೋಪು, ಎಣ್ಣೆ, ಔಷಧದ ಪುಡಿ ಇವುಗಳ ಶೇಷ ಅದರಲ್ಲಿ ಉಳಿದಿರುತ್ತದೆ, ಮುಚ್ಚಳವೂ ಸೋರುತ್ತದೆ.

ಮುಖ್ಯ ನಿಯಮವೆಂದರೆ ಮಲಕ್ಕೆ ಮೂತ್ರವಾಗಲಿ, ಕಕ್ಕಸಿನ ನೀರಾಗಲಿ, ತೊಳೆಯುವ ರಾಸಾಯನಿಕವಾಗಲಿ ತಾಗಬಾರದು. ಆದ್ದರಿಂದ ಮೊದಲು ಮೂತ್ರ ವಿಸರ್ಜಿಸಿ ಮುಗಿಸಿ. ನೆಲದ ಮೇಲೆ ಕೂರುವ ಕಕ್ಕಸಾದರೆ ಬಟ್ಟಲಿಗೆ ಅಡ್ಡಲಾಗಿ ದಪ್ಪ ಪತ್ರಿಕೆ ಹಾಸಿ ಅದರ ಮೇಲೆ ಶುಭ್ರವಾದ ಪ್ಲಾಸ್ಟಿಕ್ ಹಾಳೆಯನ್ನು ಹರಡಬಹುದು. ನಮ್ಮ ಕಡೆ ಇದಕ್ಕೆ ಅಡಿಕೆ ಹಾಳೆಯ ತಟ್ಟೆ ಬಹಳ ಅನುಕೂಲ. ಗಟ್ಟಿಯಾಗಿರುತ್ತದೆ, ಬಾಗುವುದಿಲ್ಲ, ಆಮೇಲೆ ಮಣ್ಣಿನಲ್ಲಿ ಹೂಳಬಹುದು. ಆದರೆ ಬರಿಯ ಹಾಳೆ ನೀರನ್ನು ಹೀರುವುದರಿಂದ ಅದರ ಮೇಲೂ ಪ್ಲಾಸ್ಟಿಕ್ ಕವರು ಹಾಸಲೇಬೇಕು. ಕಮೋಡ್ ಇರುವ ಮನೆಯಲ್ಲಿ ಸೀಟನ್ನು ಎತ್ತಿ, ಅಂಚಿನಿಂದ ಅಂಚಿಗೆ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಸ್ವಲ್ಪ ತಗ್ಗಾಗುವಂತೆ ಬಿಟ್ಟು ಅಂಟಿಸಿ ಸೀಟನ್ನು ಇಳಿಸಿದರೆ ಆಯಿತು. ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ಒಣಗಿದ, ಶುಭ್ರವಾದ ಬೆಡ್‌ಪ್ಯಾನ್ ಸಾಕು. ಅಮ್ಮನ ಮಾದರಿಯನ್ನು ಮಗನೋ, ಮಾವನದನ್ನು ಸೊಸೆಯೋ ತೆಗೆದುಕೊಡಬೇಕಾಗಿ ಬಂದಾಗ ಇಬ್ಬರಿಗೂ ಮುಜುಗರವಾಗುವುದು ಸಹಜವೇ. ಆ ಮುಜುಗರದ ಗಡಿಬಿಡಿಯಲ್ಲಿ ಕೈಗೆ ಸಿಕ್ಕಷ್ಟನ್ನು ತುಂಬಿ ಮುಗಿಸುವುದೇ ತಪ್ಪಿಗೆ ಕಾರಣವಾಗುತ್ತದೆ. ಹೇಗೆ, ಯಾವಾಗ ಎಂಬುದನ್ನು ಹಿಂದಿನ ದಿನವೇ ಸಮಾಧಾನವಾಗಿ ಮಾತಾಡಿಕೊಂಡಿದ್ದರೆ ಬೆಳಿಗ್ಗೆ ಕಷ್ಟವಾಗದು.

ಬೇಕಾಗುವುದು ಸುಲಿದ ಒಂದು ಅಡಿಕೆಯಷ್ಟು ಮಾತ್ರ. ಪ್ರಯೋಗಾಲಯದಲ್ಲಿ ಅದರಿಂದ ಸಾಮಾನ್ಯವಾಗಿ ತೂಗಿ ತೆಗೆದುಕೊಳ್ಳುವುದು ಸುಮಾರು 100 ಮಿಲಿಗ್ರಾಂ. ಇಷ್ಟು ಸಣ್ಣ ತುಣುಕು ಇಡೀ ಮಲವನ್ನು ಪ್ರತಿನಿಧಿಸಬೇಕಾಗಿರುವುದರಿಂದ, ಒಂದೇ ಕಡೆಯಿಂದ ತೆಗೆಯದೆ ಮೊದಲು, ನಡು, ಕೊನೆ ಹೀಗೆ ಮೂರು ಕಡೆಗಳಿಂದ ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಹಾಕಿ. ಲೋಳೆಯೋ ರಕ್ತವೋ ಕಂಡ ಭಾಗವನ್ನಷ್ಟೇ ಆರಿಸಿ ತುಂಬಬಾರದು, ಬೇಕೆಂದೇ ಬಿಡಲೂ ಬಾರದು. ಡಬ್ಬಿಯ ಮೂರನೇ ಒಂದು ಭಾಗವನ್ನು ಮೀರಿ ತುಂಬಬೇಡಿ. ಒಳಗೆ ಅನಿಲ ಹುಟ್ಟಿ, ಬೆಚ್ಚಗಾದಾಗ ಮುಚ್ಚಳವನ್ನು ಒತ್ತುತ್ತದೆ. ಮಲ ತೀರಾ ನೀರಾಗಿದ್ದರೆ ಹಾಗೆಯೇ ಸಂಗ್ರಹಿಸಿ, ಅದನ್ನು ಚೀಟಿಯಲ್ಲಿ ಬರೆಯಿರಿ. ಫಲಿತಾಂಶವನ್ನು ಒಂದು ಗ್ರಾಂ ಮಲಕ್ಕೆ ಎಷ್ಟು ಎಂದು ಲೆಕ್ಕ ಹಾಕುವುದರಿಂದ ನೀರಿನಂಶ ಹೆಚ್ಚಿದಾಗ ಸಂಖ್ಯೆ ತಗ್ಗಿ ಕಾಣಬಹುದು. ವೈದ್ಯರಿಗೆ ಈ ವಿಷಯ ಗೊತ್ತಿರಬೇಕು.

ಡಯಪರ್ ಹಾಕುವ ಮಗುವಿನಲ್ಲಿ ಇದೇ ಸಮಸ್ಯೆ ತಿರುಗುಮುರುಗಾಗಿ ಬರುತ್ತದೆ. ಡಯಪರ್ ನೀರನ್ನು ಹೀರಿಕೊಂಡರೆ ಉಳಿದದ್ದರಲ್ಲಿ ಸಂಖ್ಯೆ ಏರುತ್ತದೆ. ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಸಿ, ಮಗು ಮಲ ವಿಸರ್ಜಿಸಿದ ಕೂಡಲೇ ತೆಗೆಯುವುದು ಒಳ್ಳೆಯದು.

ಕೆಲವು ಪ್ರಯೋಗಾಲಯಗಳು ಡಬ್ಬಿಯ ಬದಲು, ಒಳಗೆ ದ್ರವವಿರುವ ನಳಿಕೆಯನ್ನು ಕೊಡುತ್ತವೆ. ಅದರ ಮುಚ್ಚಳಕ್ಕೆ ಗೀರುಗಳುಳ್ಳ ಕಡ್ಡಿ ಅಂಟಿಕೊಂಡಿರುತ್ತದೆ. ಆ ದ್ರವವನ್ನು ಚೆಲ್ಲಬಾರದು. ‘ನೀರು ಉಳಿದಿದೆ’ ಎಂದು ತೊಳೆದು ತಂದರೆ ನಳಿಕೆ ವ್ಯರ್ಥವಾಗುತ್ತದೆ. ಕಡ್ಡಿಯನ್ನು ಮಲದ ಮೂರು ನಾಲ್ಕು ಕಡೆ ಚುಚ್ಚಿ, ಗೀರುಗಳು ತುಂಬಿದವೆಂದು ಕಂಡ ಮೇಲೆ ಮರಳಿ ತೂರಿಸಿ ಗಟ್ಟಿಯಾಗಿ ತಿರುಗಿಸಿ. ಹೆಚ್ಚಾದದ್ದನ್ನು ನಳಿಕೆಯ ಕಿರಿದಾದ ಕೊರಳೇ ಸವರಿ ತೆಗೆಯುತ್ತದೆ. ಕಡ್ಡಿಯ ಮೇಲೆ ಇನ್ನಷ್ಟು ಹೇರಿ ತುರುಕಿದರೆ ಅಳತೆ ತಪ್ಪುತ್ತದೆ.

ಮುಗಿದ ಮೇಲೆ ಡಬ್ಬಿಯ ಹೊರಭಾಗವನ್ನು ಒರೆಸಿ, ಒರೆಸಿದ ಕಾಗದ ಮತ್ತು ಕೈಗವಸುಗಳನ್ನು ಕಟ್ಟಿ ಕಸಕ್ಕೆ ಹಾಕಿ, ಕೈಗಳನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ; ಭೇದಿ ತರುವ ಕೆಲವು ರೋಗಾಣುಗಳ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ.

ಹೆಸರು, ದಿನಾಂಕ, ಗಂಟೆ

ಹೆಸರು, ವಯಸ್ಸು, ಸಂಗ್ರಹಿಸಿದ ದಿನಾಂಕ ಮತ್ತು ಗಂಟೆಯನ್ನು ಡಬ್ಬಿಯ ಮೈಮೇಲೆಯೇ ಬರೆಯಿರಿ. ಮುಚ್ಚಳದ ಮೇಲಲ್ಲ, ಏಕೆಂದರೆ ಮುಚ್ಚಳಗಳು ಅದಲುಬದಲಾಗಬಹುದು. ಆಷಾಢದ ಮಳೆಯಲ್ಲಿ ಇಲ್ಲಿಯ ಗಾಳಿಯೇ ಒದ್ದೆ. ಫ್ರಿಜ್ಜಿನಿಂದ ತೆಗೆದ ಡಬ್ಬಿ ಕ್ಷಣದಲ್ಲಿ ಬೆವರಿ ಬಾಲ್‌ಪೆನ್ನಿನ ಅಕ್ಷರಗಳು ಕರಗುತ್ತವೆ. ಮಾರ್ಕರಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಹಚ್ಚಿದರೆ ಆ ಚಿಂತೆಯಿಲ್ಲ. ಎಲ್ಲರೂ ಮರೆಯುವುದು ಗಂಟೆಯನ್ನು; ಮಾದರಿ ಎಷ್ಟು ಹಳೆಯದೆಂದು ಹೇಳುವುದೂ ಅದೊಂದೇ.

ಮನೆಯಲ್ಲಿ ಇಡುವುದು

ಅದೇ ದಿನ ಒಯ್ಯುವುದಾಗದಿದ್ದರೆ ಮಾದರಿಯನ್ನು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಡಬ್ಬಿಯನ್ನು ಒಂದು ಜಿಪ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ಎರಡನ್ನೂ ಮುಚ್ಚಳವಿರುವ ಹಳೆಯ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮತ್ತೆಂದೂ ಅಡುಗೆಗೆ ಬಳಸದ ಆ ಡಬ್ಬಿಯನ್ನು ಕೆಳಗಿನ ಅಂತಸ್ತಿನ ಹಿಂಬದಿಯಲ್ಲಿ, ಹಾಲು ತರಕಾರಿಗಳಿಂದ ದೂರ ಇರಿಸಿ. ಪದೇಪದೇ ತೆರೆಯುವ ಬಾಗಿಲಿನ ಖಾನೆ ಬೇಡ. ಫ್ರಿಜ್ಜಿನಲ್ಲಿ ಇಡುವುದಕ್ಕೆ ಮನೆಯ ಹಿರಿಯರು ಒಪ್ಪದಿದ್ದರೆ ಅವರೊಡನೆ ಜಗಳವಾಡುವುದಕ್ಕಿಂತ ಹೊರಡುವ ಬೆಳಿಗ್ಗೆಯೇ ಸಂಗ್ರಹಿಸುವ ಯೋಜನೆ ಹಾಕಿಕೊಳ್ಳುವುದು ಮೇಲು. ಫ್ರಿಜ್ಜಿಲ್ಲದ ಮನೆಗಳಿಗೂ ಇದೇ ದಾರಿ.

ಫ್ರೀಜರಿನಲ್ಲಿ ಇಡಬೇಡಿ. ಪ್ರಯೋಗಾಲಯಗಳು ತಿಂಗಳುಗಟ್ಟಲೆ ಇಡುವುದಕ್ಕೆ ಮೈನಸ್ 20 ಡಿಗ್ರಿ ಬಳಸುವುದು ನಿಜ, ಆದರೆ ಅಲ್ಲಿ ಒಮ್ಮೆ ಹೆಪ್ಪುಗಟ್ಟಿದ್ದು ಪರೀಕ್ಷೆಯ ಹೊತ್ತಿನವರೆಗೆ ಹಾಗೆಯೇ ಇರುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟಿಲ್ಲದಿರುವ ಮಲೆನಾಡಿನ ಮನೆಯಲ್ಲಿ ಅದು ಕರಗಿ, ಮತ್ತೆ ಗಟ್ಟಿಯಾಗಿ, ಮತ್ತೆ ಕರಗುತ್ತದೆ. ಹೀಗೆ ಆದಾಗ ಬಿಳಿಕಣಗಳು ಒಡೆದು ಅಳತೆಯೇ ಬದಲಾಗುತ್ತದೆ.

ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲನ್ನು ತೆರೆಯದೆ ಬಿಟ್ಟರೆ ನಾಲ್ಕು ಗಂಟೆಗಳವರೆಗೆ ತಂಪು ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತಾಗುವಂತಿದ್ದರೆ ಐಸ್ ಪ್ಯಾಕ್ ಇರುವ ಥರ್ಮಾಕೋಲ್ ಪೆಟ್ಟಿಗೆಗೆ ವರ್ಗಾಯಿಸಿ. ಇನ್ನೊಂದು ಮಾತು: ಜುಲೈ ತಿಂಗಳ ಆಗುಂಬೆಯಲ್ಲಿ ಮೈಗೆ ಚಳಿಯಾಗುತ್ತದೆಂದು ಡಬ್ಬಿಯನ್ನು ಜಗಲಿಯಲ್ಲೇ ಇಡುವವರಿದ್ದಾರೆ. ನಮಗೆ ಚಳಿ ಎನಿಸುವ 20, 22 ಡಿಗ್ರಿ ಮಾದರಿಯ ಲೆಕ್ಕದಲ್ಲಿ ಕೋಣೆಯ ಉಷ್ಣತೆಯೇ, ಫ್ರಿಜ್ಜಿನ ತಂಪಲ್ಲ.

ಎಷ್ಟು ಹೊತ್ತು ಇಡಬಹುದು? ಪ್ರಯೋಗಾಲಯದವರು ಬೇರೆ ಹೇಳದಿದ್ದರೆ, ತಂಪಿನಲ್ಲಿಟ್ಟು 24 ಗಂಟೆಯೊಳಗೆ ಅವರ ಕೈಗೆ ಮುಟ್ಟಿಸುವ ಗುರಿಯಿಟ್ಟುಕೊಳ್ಳಿ. ಮೂರು ದಿನ ದಾಟಿದ್ದನ್ನು ಕೊಡುವುದಕ್ಕಿಂತ ಹೊಸದಾಗಿ ಸಂಗ್ರಹಿಸುವುದೇ ಸರಿಯೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಯ್ಯುವುದು

ಪ್ರಯಾಣಕ್ಕೆ ಮೂರು ಪದರ ಬೇಕು: ಮಾದರಿಯ ಡಬ್ಬಿ, ಅದರ ಸುತ್ತ ಸೋರಿದರೂ ಹೀರಿಕೊಳ್ಳುವಂತೆ ಹತ್ತಿ ಅಥವಾ ಕಾಗದ ಸುತ್ತಿ ಮುಚ್ಚಿದ ಜಿಪ್ ಕವರು, ಹೊರಗೆ ಗಟ್ಟಿಯಾದ ಪೆಟ್ಟಿಗೆ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಡಬ್ಬಿಗೆ ನೇರವಾಗಿ ತಾಗಿಸಬೇಡಿ. ಬರಿಯ ಮಂಜುಗಡ್ಡೆ ಕರಗಿ ಎಲ್ಲವನ್ನೂ ನೆನೆಸುವುದರಿಂದ ಅದು ಬೇಡ. ಚೀಟಿ ಮತ್ತು ವೈದ್ಯರ ಬರಹವನ್ನು ಬೇರೆ ಕವರಿನಲ್ಲಿಡಿ.

ಹಳ್ಳಿಗಳಿಂದ ಪೇಟೆಗೆ ಸಾಮಾನು ಕಳಿಸಬೇಕಾದಾಗ ಬಸ್ಸಿನವರ ಕೈಗೆ ಕೊಡುವುದು ನಮ್ಮಲ್ಲಿ ರೂಢಿ. ಈ ಡಬ್ಬಿಯನ್ನು ಮಾತ್ರ ಹಾಗೆ ಕಳಿಸಬೇಡಿ. ಅಂತಹ ಗಂಟುಗಳು ಹೆಚ್ಚಾಗಿ ಕೂರುವುದು ಡ್ರೈವರಿನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಅಥವಾ ಹತ್ತಿರ, ಇಡೀ ಬಸ್ಸಿನಲ್ಲಿ ಅತಿ ಬಿಸಿಯಾದ ಜಾಗ ಅದು. ಒಳಗೆ ಏನಿದೆಯೆಂದು ತಿಳಿಯದೆ ಅದನ್ನು ಮುಟ್ಟುವವರಿಗೂ ಅನ್ಯಾಯ. ಮನೆಯವರೊಬ್ಬರು ತೊಡೆಯ ಮೇಲಿಟ್ಟುಕೊಂಡು ಒಯ್ಯಲಿ. ಬೈಕಿನ ಡಿಕ್ಕಿ, ಬಿಸಿಲಿಗೆ ನಿಲ್ಲಿಸಿದ ಕಾರು ಬೇಸಿಗೆಯಲ್ಲಿ ಅಷ್ಟೇ ಕೆಟ್ಟವು. ಶಿವಮೊಗ್ಗಕ್ಕೆ ಬಂದ ಮೇಲೆ ಗಾಂಧಿ ಬಜಾರಿನ ಕೆಲಸಗಳೆಲ್ಲ ಆಮೇಲೆ. ಡಬ್ಬಿ ಮೊದಲು ಕೌಂಟರಿಗೆ ಹೋಗಲಿ. ಕೊಡುವಾಗ ಸಂಗ್ರಹಿಸಿದ ಗಂಟೆಯನ್ನು ಬಾಯಲ್ಲೂ ಹೇಳಿ, ಅವರು ಬರೆದುಕೊಂಡರೇ ಎಂದು ನೋಡಿ.

ಒಂದೇ ಚೀಟಿಯಲ್ಲಿ ಹಲವು ಮಲಪರೀಕ್ಷೆಗಳಿದ್ದರೆ

ಇಲ್ಲಿ ಬರೆದ ನಿಯಮಗಳು ಕ್ಯಾಲ್‌ಪ್ರೊಟೆಕ್ಟಿನ್‌ಗೆ ಮಾತ್ರ. ಆಮಶಂಕೆಗೆ ಕಾರಣವಾದ ಅಮೀಬಾವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಿದ್ದರೆ ನೀರುಮಲವನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ಅರ್ಧ ಗಂಟೆಯೊಳಗೆ ನೋಡದಿದ್ದರೆ ಚಲಿಸುವ ಅಮೀಬಾ ಸಾಯುತ್ತದೆ. ಅದಕ್ಕೆ ಲೋಳೆ, ರಕ್ತ ಇರುವ ಭಾಗವನ್ನೇ ಆರಿಸಬೇಕು. ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್‌ಗೆ ಸುಮಾರು ಎರಡು ಗಂಟೆಯೊಳಗೆ ಮುಟ್ಟಬೇಕು, ಇಲ್ಲವೇ ಪ್ರಯೋಗಾಲಯದವರು ಕೊಡುವ ವಿಶೇಷ ಮಾಧ್ಯಮಕ್ಕೆ ಹಾಕಬೇಕು. ಹಾಗಾಗಿ ದೂರದ ಊರಿನವರು ಈ ಎರಡನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತಹ ಕಡೆಗೆ ಹೋದಾಗ ಅಲ್ಲಿಯೇ ಕೊಡುವ ವ್ಯವಸ್ಥೆ ಮಾಡಿಕೊಳ್ಳುವುದು ಒಳಿತು. ಒಂದೇ ಡಬ್ಬಿಯನ್ನು ಎಲ್ಲಕ್ಕೂ ಹಂಚಿಕೊಳ್ಳಲಿ ಎಂದು ಬಿಡಬೇಡಿ.

ವರದಿ ಬಂದ ಮೇಲೆ

ವಯಸ್ಕರಲ್ಲಿ ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವೆಂದೂ, 250 ದಾಟಿದರೆ ಸಕ್ರಿಯ ಉರಿಯೂತದ ಸಂಭವ ಹೆಚ್ಚೆಂದೂ ಬಹುತೇಕ ಕಡೆ ಪರಿಗಣಿಸುತ್ತಾರೆ. ನಡುವಿನದಕ್ಕೆ ಮತ್ತೆ ಪರೀಕ್ಷೆ ಬೇಕಾಗಬಹುದು. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಎಳೆಗೂಸುಗಳಲ್ಲಿ, ಆರೋಗ್ಯವಾಗಿದ್ದಾಗಲೂ ಸಂಖ್ಯೆ ಹೆಚ್ಚಿರುತ್ತದೆ. ಕರುಳಿನ ಕ್ಷಯ, ಸೋಂಕು, ಕರುಳಿನ ಕ್ಯಾನ್ಸರ್ ಇವುಗಳಲ್ಲಿಯೂ ಅದು ಏರುವುದರಿಂದ ಸಂಖ್ಯೆಯೊಂದೇ ಕಾಯಿಲೆಯ ಹೆಸರನ್ನು ಹೇಳದು. ಮಾದರಿ ದಾರಿಯಲ್ಲಿ ತಡವಾಗಿದ್ದರೆ, ಬಿಸಿಯಾಗಿದ್ದರೆ ಅಥವಾ ಸೋರಿದ್ದರೆ, ಕಡಿಮೆ ಬಂದ ವರದಿಯನ್ನು ಕೈಯಲ್ಲಿ ಹಿಡಿದೂ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಇನ್ನೊಮ್ಮೆ ಕೊಡಬೇಕೇ ಎಂದು ಕೇಳಿ. ಮರುಪರೀಕ್ಷೆಗೆ ಅದೇ ಪ್ರಯೋಗಾಲಯಕ್ಕೆ, ಅದೇ ರೀತಿಯ ಬೆಳಗಿನ ಮಾದರಿಯನ್ನೇ ಕೊಡಿ. ಕಿಟ್ ಬದಲಾದರೆ ಒಬ್ಬರದೇ ಮಲದಲ್ಲಿಯೂ ಸಂಖ್ಯೆಗಳು ಬೇರೆ ಬರುತ್ತವೆ.